‘ಕೊಲ್’ಗೆ ಕನ್ನಡ ಪದ ಬೇಕಿದೆ, ಸಂಜೆ 6ರೊಳಗೆ

ಅನುವಾದದವಳು (ಬೆಳಿಗ್ಗೆ 10.40)

ಎಲ್ಲರಿಗೂ ನಮಸ್ಕಾರ. ಪುರವಣಿಯೊಂದಕ್ಕೆ ಫ್ರಾನ್ಸಿನ ಸೈಕಲ್ ಪ್ರವಾಸದ ಲೇಖನ ಅನುವಾದಿಸುತ್ತಿದ್ದೇನೆ. ಜಾಗ ಪ್ರೊವಾನ್ಸ್. ಮೋಂ ವಾಂತೂ ಬೆಟ್ಟ, ಅದರ ಬುಡದ ದ್ರಾಕ್ಷಿತೋಟಗಳು. ಎಲ್ಲ ಮುಗಿದು ಒಂದೇ ಪದ ಉಳಿದಿದೆ: ‘ಕೊಲ್’. ಬೆಟ್ಟದ ಸಾಲು ಒಂದು ಕಡೆ ತಗ್ಗಾಗಿ, ಆಚೆ ಮಗ್ಗುಲಿಗೆ ದಾಟಲು ಎಡೆ ಸಿಗುವ ಜಾಗಕ್ಕೆ ಅಲ್ಲಿನವರು ಹಾಗನ್ನುತ್ತಾರೆ. ಒಂದು ಫೋಟೊದಲ್ಲಿ ಬೋರ್ಡೇ ಇದೆ: ‘ಕೊಲ್ ದೆ ತಾಂಪೆತ್, 1829 ಮೀ.’ ಅಡಿಬರಹ ಕೊಡಲೇಬೇಕು. ‘ತಾಂಪೆತ್’ ಬಿರುಗಾಳಿ, ಅದರ ಬಗ್ಗೆ ತಕರಾರಿಲ್ಲ.

ಮೊದಲು ‘ಕೊಲ್’ ಅಂತಲೇ ಬರೆದು ಕಳಿಸಿದ್ದೆ. ಪುಟ ಕಟ್ಟುವವರು ಫೋನ್ ಮಾಡಿ, “ಮೇಡಂ, ಯಾರನ್ನ ಕೊಲ್ಲೋದು?” ಅಂದರು. ನಗಬೇಕೆನಿಸಿದರೂ ನಗಲಾಗಲಿಲ್ಲ. ಯಾಕೆಂದರೆ ಅಲ್ಲೇ ಸ್ವಲ್ಪ ಕೆಳಗೆ ಸೈಕಲ್ ಓಟಗಾರ ಟಾಮ್ ಸಿಂಪ್ಸನ್ ಸ್ಮಾರಕ ಇದೆ. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್ ಓಟದ ನಡುವೆ ಆತ ಕುಸಿದು ತೀರಿಕೊಂಡದ್ದು ಆ ಏರಿನಲ್ಲೇ. ಆ ಚಿತ್ರವೂ ಅದೇ ಪುಟದಲ್ಲಿದೆ.

‘ಕಣಿವೆ’ ಹಾಕಲೇ, ‘ಘಾಟಿ’ ಹಾಕಲೇ? ದಯವಿಟ್ಟು ಬೇಗ ಹೇಳಿ.

ಮೈಸೂರು ಮೇಷ್ಟ್ರು (11.05)

ಕಣಿವೆ. ಇದರಲ್ಲಿ ಕೇಳುವುದೇನಿದೆ?

ತಮಿಳಿನ ‘ಕಣವಾಯ್’, ತೆಲುಗಿನ ‘ಕನುಮ’ ಇದರ ಒಡಹುಟ್ಟುಗಳು. ಎರಡಕ್ಕೂ ಬೆಟ್ಟ ದಾಟುವ ಇಕ್ಕಟ್ಟು ದಾರಿ ಎಂದೇ ಅರ್ಥ. ಖೈಬರನ್ನು ತಮಿಳರು ಇಂದಿಗೂ ‘ಕಣವಾಯ್’ ಎನ್ನುತ್ತಾರೆ. ನಮ್ಮಲ್ಲೇ ಬೇಕಾದರೆ ಹಿರಿಯೂರಿನ ಮಾರಿಕಣಿವೆ ನೋಡಿ. ವೇದಾವತಿ ಎರಡು ಗುಡ್ಡಗಳ ಸಂದಿನಿಂದ ಹೊರಬೀಳುವ ಕಡೆಯಲ್ಲೇ 1907ರಲ್ಲಿ ಅಣೆಕಟ್ಟು ಮುಗಿಸಿದರು. ಆ ಸಂದೇ ಕಣಿವೆ. ಅದನ್ನು ಅಗಲಿಸಿ ಅಗಲಿಸಿ ‘ಕಾಶ್ಮೀರ ಕಣಿವೆ’ ಮಾಡಿದ್ದು ಆಮೇಲಿನವರು. ಅವರ ತಪ್ಪನ್ನು ನೀವು ಹೊರಬೇಕಾಗಿಲ್ಲ.

ಅನುವಾದದವಳು (11.20)

ಮೇಷ್ಟ್ರೇ, ಮೂಲಾರ್ಥ ಒಪ್ಪಿದೆ. ಆದರೆ ಈ ಸೀಮೆಯ ಹೆಸರೇ ‘ವೊಕ್ಲೂಸ್’. ಲ್ಯಾಟಿನ್ನಿನ ‘ವಾಲಿಸ್ ಕ್ಲೌಸಾ’ದಿಂದ ಬಂದದ್ದು, ಮುಚ್ಚಿಕೊಂಡ ಕಣಿವೆ ಅಂತ. ಲೇಖನದ ಎರಡನೇ ಪ್ಯಾರಾದಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆ. ಅಲ್ಲಿ ನೀರು ಹರಿಯುವ ತಗ್ಗಿಗೆ ಕಣಿವೆ, ನಾಲ್ಕನೇ ಪ್ಯಾರಾದಲ್ಲಿ 1829 ಮೀಟರ್ ಎತ್ತರದಲ್ಲಿ ಬೆಟ್ಟದ ಏಣಿನ ತಗ್ಗಿಗೂ ಕಣಿವೆ. ಓದುವವರು ಸೈಕಲ್ ಹತ್ತುತ್ತಿದೆಯೋ ಇಳಿಯುತ್ತಿದೆಯೋ ಅಂತ ಗೊಂದಲಕ್ಕೆ ಬೀಳುತ್ತಾರೆ.

ಕರಾವಳಿ (11.32)

ಘಾಟಿ ಅಂತ ಬರೆದು ಕೈತೊಳ್ಕೊಳ್ಳಿ ಮಾರಾಯ್ರೆ. ಆಗುಂಬೆ ಘಾಟಿ, ಚಾರ್ಮಾಡಿ ಘಾಟಿ, ಶಿರಾಡಿ ಘಾಟಿ ಗೊತ್ತಿಲ್ಲದವರು ಯಾರುಂಟು? ನಾವು ಹುಟ್ಟಿದಾಗಿನಿಂದ ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತಲೇ ಲೋಕ ಪಾಲು ಮಾಡಿದವರು.

ಸೈಕಲ್ ಸವಾರ (12.10)

ಮೂರು ವರ್ಷದ ಹಿಂದೆ ಆ ಬೆಟ್ಟ ಹತ್ತಿದವನು ನಾನು. ಘಾಟಿ ಅಲ್ಲವೇ ಅಲ್ಲ ಸರ್. ಘಾಟಿ ಅಂದರೆ ಇಡೀ ಏರು. ಆಗುಂಬೆಯ 14 ತಿರುವೂ ಸೇರಿ ಘಾಟಿ. ಕೊಲ್ ಅಂದರೆ ಒಂದು ಚುಕ್ಕೆ.

ಬೆದ್ವಾಂ ಅನ್ನುವ ಊರಿನಿಂದ ಶಿಖರಕ್ಕೆ ಸುಮಾರು 21 ಕಿ.ಮೀ., ಏರು ಸುಮಾರು 1600 ಮೀಟರ್. ಅದಕ್ಕೆ ಬೇಕಾದರೆ ‘ವಾಂತೂ ಘಾಟಿ’ ಅನ್ನಿ. ಮೊದಲ ಐದಾರು ಕಿ.ಮೀ. ದ್ರಾಕ್ಷಿತೋಟದ ನಡುವೆ ಮೆಲ್ಲಗೆ ಏರುತ್ತೆ, ಹಾಡು ಗುನುಗಿಕೊಂಡು ಹೋಗಬಹುದು. ಸೇಂತೆಸ್ತೆವ್ ತಿರುವು ದಾಟಿ ಕಾಡು ಸೇರಿದ ಮೇಲೆ ಹಾಡು ನಿಲ್ಲುತ್ತೆ. ಅಲ್ಲಿಂದ ನೂರಕ್ಕೆ ಒಂಬತ್ತು ಹತ್ತರ ಏರು, ಬಿಡುವೇ ಇಲ್ಲ. ಕಿಲೋಮೀಟರಿಗೊಂದು ಬಿಳಿ ಕಲ್ಲು, ತಲೆಗೆ ಹಳದಿ ಬಣ್ಣ. ಉಸಿರು ಹಿಡಿದುಕೊಂಡು ಅದನ್ನೇ ನೋಡ್ತಾ ತುಳಿಯೋದು. ಕಾಡು ಮುಗಿಯೋದು ಶಾಲೆ ರೆನಾರ್ ಹತ್ತಿರ. ಆಮೇಲೆ ಕೊನೆಯ 6 ಕಿ.ಮೀ. ಬರೀ ಬಿಳಿ ಸುಣ್ಣಕಲ್ಲು. ದೂರದಿಂದ ನೋಡಿದವರು ಬೇಸಗೆಯಲ್ಲೂ ಹಿಮ ಅಂದುಕೊಳ್ಳುತ್ತಾರೆ.

ಕೊಲ್ ದೆ ತಾಂಪೆತ್ ಬರೋದು ಶಿಖರಕ್ಕೆ ಇನ್ನೊಂದು ಕಿ.ಮೀ. ಇದೆ ಅನ್ನುವಾಗ. ಅಲ್ಲಿವರೆಗೆ ಬಲಗಡೆಯ ಏಣು ನಿಮಗೆ ಗೋಡೆ ಇದ್ದ ಹಾಗೆ. ಅಲ್ಲಿ ಗೋಡೆ ಸಟ್ಟನೆ ತಗ್ಗಾಗುತ್ತೆ. ಉತ್ತರದಿಂದ ಮಿಸ್ತ್ರಾಲ್ ಗಾಳಿ ಅದೇ ಸಂದಿನಲ್ಲಿ ನುಗ್ಗಿ ಬರುತ್ತೆ. ಹ್ಯಾಂಡಲ್ ಮೇಲಿಂದ ಒಂದು ಕೈ ತೆಗೆದು ನೀರು ಕುಡಿಯೋಣ ಅಂದುಕೊಂಡೆ, ಸೈಕಲ್ ಸಮೇತ ರಸ್ತೆಯ ಆ ಅಂಚಿಗೆ ಹೋದೆ. 2016ರಲ್ಲಿ ಟೂರ್‌ನವರು ಗಾಳಿಗೆ ಹೆದರಿ ಮುಕ್ತಾಯದ ಗೆರೆಯನ್ನೇ ಶಿಖರದಿಂದ ಶಾಲೆ ರೆನಾರ್‌ಗೆ ಇಳಿಸಿದ್ದರು. ಸುಮ್ಮನೆ ಇಟ್ಟ ಹೆಸರಲ್ಲ ಅದು.

ಅಚ್ಚಗನ್ನಡ (12.45)

ಗೆಳೆಯರೇ, ಗಾಟಿ ನಮ್ಮದಲ್ಲ, ಸಕ್ಕದದ (ಸಂಸ್ಕ್ರುತದ) ‘ಗಟ್ಟ’. ಅದನ್ನು ಬಿಡಿ. (ನಾನು ಗಾಟಿ ಎಂದೇ ಬರೆಯುತ್ತೇನೆ. ನಾಲಿಗೆಯಲ್ಲಿಲ್ಲದ ಉಸಿರು ಬರಹದಲ್ಲೇಕೆ?)

ಪ್ರೆಂಚರ ‘ಕೊಲ್’ ಬಂದದ್ದು ಲ್ಯಾಟಿನ್ನಿನ ‘ಕೊಲ್ಲುಮ್’ನಿಂದ. ಹುರುಳು: ಕತ್ತು. ಕತ್ತಿಗೆ ನಮ್ಮಲ್ಲಿ ಏನು? ಕೊರಳ್! ಕೊಲ್, ಕೊರಳ್. ಇದು ಸುಮ್ಮನೆ ಒದಗಿದ ಹೋಲಿಕೆಯೇ? ಎರಡು ನೆತ್ತಿಗಳ ನಡುವಿನ ತಗ್ಗು ಬೆಟ್ಟದ ಕೊರಳೇ ಅಲ್ಲವೇ? ‘ಬಿರುಗಾಳಿಗೊರಳು’ ಎನ್ನಿ. ಎಶ್ಟು ಸೊಗಸು!

ಮೈಸೂರು ಮೇಷ್ಟ್ರು (12.52)

ಹೌದು, ಸುಮ್ಮನೆ ಒದಗಿದ ಹೋಲಿಕೆಯೇ.

‘ಕೊಲ್ಲುಮ್’ನಲ್ಲಿರುವ ಲ್ಲ ಹಿಂದೆ ಲ್ಸ ಆಗಿತ್ತು. ಜರ್ಮನ್ನಿನಲ್ಲಿ ಕತ್ತಿಗೆ ‘ಹಾಲ್ಸ್’ ಎನ್ನುವುದು ಅದರ ಬಳಗವೇ. ನಮ್ಮ ಕೊರಳು ತಮಿಳಿನ ‘ಕುರಲ್’ ಬಳಗ, ಅಲ್ಲಿ ಅದು ದನಿ. ‘ಕೊರಳೆತ್ತಿ ಹಾಡು’ ಎನ್ನುವಾಗ ನಾವೂ ಎತ್ತುವುದು ದನಿಯನ್ನೇ. ಎರಡಕ್ಕೂ ನಂಟಿಲ್ಲ. ವಾರಕ್ಕೊಮ್ಮೆ ಈ ಚರ್ಚಾಪಟ್ಟಿಯಲ್ಲಿ ಲ್ಯಾಟಿನ್ನನ್ನು ಕನ್ನಡದಿಂದ ಹುಟ್ಟಿಸುವುದು ಸಾಕು.

ಅಚ್ಚಗನ್ನಡ (1.03)

ನಂಟಿದೆ ಎಂದು ನಾನೆಲ್ಲಿ ಹೇಳಿದೆ? ಕೇಳಿದೆ ಅಶ್ಟೇ. ಪದದ ಹುಟ್ಟು ಹೇಗಾದರೂ ಇರಲಿ, ಬೆಟ್ಟದ ತಗ್ಗನ್ನು ಅವರು ಕತ್ತೆಂದು ಕಂಡರು, ನಾವೂ ಕಾಣಬಹುದು. ನಿಮಗೆ ಬೇರು ಬೇಕು, ನನಗೆ ಚಿಗುರು ಬೇಕು.

ಧಾರವಾಡದಾಕಿ (1.30)

ಏನ್ರೀ ಇದು, ಒಂದು ಪದ ಕೇಳಿದ್ರ ಒಂದು ಮದುವಿ ಗದ್ದಲ! ‘ಪಾಸ್’ ಅನ್ರಿ, ಮುಗೀತು. ನಮ್ಮ ಹುಡುಗ್ರು ಲಡಾಖ್‌ಗೆ ಬೈಕ್ ತಗೊಂಡು ಹೋಗಿ ಬಂದು ‘ಖಾರ್ದುಂಗ್ ಲಾ ಪಾಸ್’ ಅಂತಾರ. ‘ಲಾ’ ಅಂದ್ರೂ ಅದ, ‘ಪಾಸ್’ ಅಂದ್ರೂ ಅದ, ಎರಡೆರಡು ಸಲ ದಾಟ್ತಾರ. ಯಾರಿಗೂ ಏನೂ ತೊಂದ್ರಿ ಆಗಿಲ್ಲ.

ಮೈಸೂರು ಮೇಷ್ಟ್ರು (1.34)

ಪಾಸ್ ಎಂದರೆ ಬಸ್ ಪಾಸ್, ಎಸ್ಸೆಸ್ಸೆಲ್ಸಿ ಪಾಸ್. ಬಿರುಗಾಳಿ ಪಾಸಾಯಿತೆಂದು ಓದಿಕೊಳ್ಳುತ್ತಾರೆ.

ಅಚ್ಚಗನ್ನಡ (1.41)

ಇದೇ ನಮ್ಮ ರೋಗ. ಸೈಕಲ್ ತಂದಿರಿ, ವೈನ್ ತಂದಿರಿ, ಈಗ ಬೆಟ್ಟಕ್ಕೂ ಹೊರಗಿನ ಪದ. ಸೈಕಲ್ಲಿಗೆ ‘ತುಳಿಬಂಡಿ’ ಎಂದು ಇಪ್ಪತ್ತು ವರುಶದಿಂದ ಹೇಳುತ್ತಿದ್ದೇನೆ.

ಸೈಕಲ್ ಸವಾರ (1.44)

ನಿಮ್ಮ ಮನೆ ಪಕ್ಕದ ಅಂಗಡಿಗೆ ಹೋಗಿ ‘ತುಳಿಬಂಡಿಗೆ ಪಂಚರ್ ಹಾಕಿ’ ಅನ್ನಿ. ಅವನು ನಿಮ್ಮ ಹಿಂದೆ ಗಾಡಿ ಯಾವುದಿದೆ ಅಂತ ಹುಡುಕುತ್ತಾನೆ. ಪಂಚರ್‌ಗೆ ಏನನ್ನುತ್ತೀರಿ, ಅದನ್ನೂ ಹೇಳಿಬಿಡಿ.

ಧಾರವಾಡದಾಕಿ (1.50)

ವೈನ್ ಬ್ಯಾಡ ಅಂದ್ರ ‘ದ್ರಾಕ್ಷಾರಸ’ ಅನ್ನಬೇಕಾಗ್ತದ. ಅದು ಬೈಬಲ್ಲಿನಾಗ ಛಂದ. ಅಂಗಡ್ಯಾಗ ಕೇಳಿದ್ರ ಐಸ್ ಹಾಕಿದ ಜ್ಯೂಸ್ ಕೊಡ್ತಾರ. ಮತ್ತ ದ್ರಾಕ್ಷಿನೂ ಸಂಸ್ಕೃತ ಐತ್ರೀ ಸರ್, ಅದನ್ನೂ ಉಗುಳ್ತೀರೇನು?

ಅನುವಾದದವಳು (2.15)

ವೈನ್ ವೈನಾಗಿಯೇ ಇರಲಿ, ಸೈಕಲ್ ಸೈಕಲ್ಲಾಗಿಯೇ ಇರಲಿ. ಕೊಲ್, ದಯವಿಟ್ಟು, ಕೊಲ್!

ಅಂದಹಾಗೆ ಬೆದ್ವಾಂಗೂ ಮಾಲೊಸೆನ್‌ಗೂ ನಡುವೆ ಇನ್ನೊಂದು ಪುಟ್ಟ ಕೊಲ್ ಇದೆ, ‘ಕೊಲ್ ದ ಲಾ ಮಾದ್ಲೆನ್’, ಬರೀ 448 ಮೀಟರ್. ಎರಡೂ ಮಗ್ಗುಲಿಗೆ ದ್ರಾಕ್ಷಿ, ಆಲಿವ್. ಆಲ್ಪ್ಸ್‌ನಲ್ಲಿ ಇದೇ ಹೆಸರಿನದು ಇದರ ನಾಲ್ಕು ಪಟ್ಟಿಗೂ ಹೆಚ್ಚು ಎತ್ತರ. ಸಿಗುವ ಪದ ಈ ಎರಡಕ್ಕೂ ಹೊಂದಬೇಕು. ಪುಟ್ಟದ್ದಕ್ಕೆ ‘ಘಾಟಿ’ ಅಂದರೆ ಕರಾವಳಿಯವರೇ ನಗುತ್ತಾರೆ.

ಸಾಗರದ ಕಡೆಯವ (3.20)

ತಡವಾಗಿ ನೋಡಿದೆ, ಅಡಿಕೆ ಕೊಯ್ಲು. ನಮ್ಮಲ್ಲಿ ಬೇಲಿ ಒಂದು ಕಡೆ ಬಿಟ್ಟುಕೊಂಡರೆ ‘ಕಂಡಿ’ ಬಿದ್ದಿದೆ ಅಂತೇವೆ. ದನ ಬೇಕಂತಲೇ ಅಲ್ಲಿ ನುಗ್ಗುತ್ತದೆ, ಗಾಳಿಯೂ ಹಾಗೇ. ಸವಾರರು ಬರೆದದ್ದು ಓದಿದ ಕೂಡಲೆ ಅದೇ ನೆನಪಾಯ್ತು. ತೆಲುಗಿನವರಲ್ಲಿ ಇದು ‘ಗಂಡಿ’, ಪೆನ್ನಾರ್ ನದಿ ಬೆಟ್ಟ ಸೀಳಿದ ಜಾಗಕ್ಕೆ ‘ಗಂಡಿಕೋಟ’ ಅಂತ ಹೆಸರೇ ಇದೆಯಲ್ಲ. ‘ಬಿರುಗಾಳಿ ಕಂಡಿ’ ಆಗಲಿಕ್ಕಿಲ್ಲವಾ?

ಮೈಸೂರು ಮೇಷ್ಟ್ರು (3.41)

ಕಂಡಿ ಬೇಲಿಗೆ, ಗೋಡೆಗೆ. ಗಂಡಿಕೋಟದಲ್ಲಿರುವುದು ಹೊಳೆ ಕೊರೆದ ಆಳ, ಏಣಿನ ತಗ್ಗಲ್ಲ.

ಸೈಕಲ್ ಸವಾರ (3.48)

ಮೇಷ್ಟ್ರೇ, ನಾನೇ ಗೋಡೆ ಅಂತ ಬರೆದಿದ್ದೆನಲ್ಲ, ನೋಡಿ. ಕಂಡಿ ಸರಿಯಾಗಿದೆ. ಮಾದ್ಲೆನ್‌ಗೂ ಕೂರುತ್ತೆ.

ಮೈಸೂರು ಮೇಷ್ಟ್ರು (4.02)

ಕಣಿವೆ ಎಂಬ ಒಳ್ಳೆಯ ಪದವನ್ನು ಕೈಯಾರೆ ಪರರಿಗೆ ಬಿಟ್ಟುಕೊಟ್ಟು ಬೇಲಿಯ ತೂತಿಗೆ ಇಳಿದಿದ್ದೀರಿ. ನಿಮ್ಮಿಷ್ಟ. ನನ್ನ ಮಾತು ಮುಗಿಯಿತು.

ಅನುವಾದದವಳು (ಸಂಜೆ 6.10)

ಪುಟ ಹೋಯಿತು. ‘ಬಿರುಗಾಳಿ ಕಂಡಿ (1829 ಮೀ.)’ ಎಂದು ಅಡಿಬರಹ. ಇಡೀ ಏರಿಗೆ ಕರಾವಳಿಯವರ ಘಾಟಿಯನ್ನೇ ಉಳಿಸಿಕೊಂಡೆ. ಮೇಷ್ಟ್ರ ಕಣಿವೆ ವೊಕ್ಲೂಸ್‌ನಲ್ಲಿದೆ, ಅವರು ಬಯಸಿದ ಅರ್ಥದಲ್ಲಲ್ಲ, ಕ್ಷಮಿಸಬೇಕು. ಸಾಗರದವರಿಗೆ ವಿಶೇಷ ಧನ್ಯವಾದ.

ಪುಟ ಕಟ್ಟುವವರು ಕಂಡಿ ಓದಿ ಏನೂ ಕೇಳದೆ ಮುಂದೆ ಹೋದರು. ಆದರೆ ಐದು ನಿಮಿಷಕ್ಕೆ ಮತ್ತೆ ಫೋನ್: “ಮೇಡಂ, 2016ರಲ್ಲಿ ಓಟ ಮುಗಿದದ್ದು ಶಾಲೆಯಲ್ಲಿ ಅಂತಿದೆ. ರೆನಾರ್ ಅನ್ನೋದು ಸರ್ಕಾರಿ ಶಾಲೆಯೋ, ಖಾಸಗಿಯೋ?” ಫ್ರೆಂಚರ ‘ಶಾಲೆ’ ಅಂದರೆ ಬೆಟ್ಟದ ಮೇಲಿನ ಮರದ ಮನೆ. ಆ ಗಡಿಬಿಡಿಯಲ್ಲಿ ಬರೀ ‘ರೆನಾರ್ ತಂಗುಮನೆ’ ಅಂತ ತಿದ್ದಿಸಿದೆ.

ಅಚ್ಚಗನ್ನಡ (6.25)

ತಿದ್ದಿಸಿದ್ದು ಒಳ್ಳೆಯದಾಯಿತು. ಶಾಲೆ ಹೇಗಿದ್ದರೂ ಸಕ್ಕದ. ‘ಕಲಿಮನೆ’ ಎನ್ನಬೇಕು.