ಫ್ರೀ ಸಾಫ್ಟ್‌ವೇರ್ ಹೌದೋ ಅಲ್ವೋ ಅಂತ ತೀರ್ಮಾನ ಮಾಡೋದು ಯಾರು?

ಮಂಜು_ಸರ್ವರ್
ನಮ್ಮ ಆಫೀಸಲ್ಲಿ ಹೊಸ ಪ್ರಾಜೆಕ್ಟಿಗೆ ಮೊಂಗೋಡಿಬಿ ಡೇಟಾಬೇಸ್ ಹಾಕೋಣ ಅಂದೆ, ಟೀಮ್ ಲೀಡ್ ‘ಅದು ಓಪನ್ ಸೋರ್ಸ್ ಅಲ್ಲ, ಬೇಡ’ ಅಂದ್ರು. ಕೋಡ್ ಪೂರ್ತಿ ಗಿಟ್‌ಹಬ್ಬಲ್ಲಿದೆ, ಇಳಿಸ್ಕೊಂಡು ತಿದ್ದಬಹುದು, ದುಡ್ಡೂ ಕೇಳಲ್ಲ. ಯಾಕೆ ಅಂತ ಕೇಳಿದ್ರೆ, ಓಪನ್ ಸೋರ್ಸ್ ಲೈಸೆನ್ಸ್‌ಗಳನ್ನ ನೋಡಿ ಒಪ್ಪೋ ಸಂಸ್ಥೆ ಓಎಸ್‌ಐ (ಓಪನ್ ಸೋರ್ಸ್ ಇನಿಷಿಯೇಟಿವ್) ಅದರ ಲೈಸೆನ್ಸ್ ಒಪ್ಪಿಲ್ಲ, ಲಿನಕ್ಸ್ ಹಂಚೋ ಡೆಬಿಯನ್ ಪ್ರಾಜೆಕ್ಟ್ ಅದನ್ನ ತೆಗೆದುಹಾಕಿದೆ ಅಂತಾರೆ. ಇವರಿಗೆಲ್ಲ ಆ ಅಧಿಕಾರ ಕೊಟ್ಟೋರು ಯಾರು? ಕೋಡ್ ಬರ್ದವ್ರ ಮಾತು ಸಾಲಲ್ವಾ?

ಸುಧಾ_ಲಿನಕ್ಸ್
ಅಧಿಕಾರ ಯಾರೂ ಕೊಟ್ಟಿಲ್ಲ ಮಂಜು. ‘ಓಪನ್ ಸೋರ್ಸ್’ ಅನ್ನೋ ಹೆಸರನ್ನ ಟ್ರೇಡ್‌ಮಾರ್ಕ್ ಮಾಡ್ಕೊಳಕ್ಕೆ ಓಎಸ್‌ಐ ಶುರುವಲ್ಲೇ ನೋಡ್ತು, ಆಗ್ಲಿಲ್ಲ. ಆದ್ರೆ ಅಳತೆ ಎಲ್ಲರ ಕಣ್ಮುಂದೆ ಇದೆ. ಫ್ರೀ ಸಾಫ್ಟ್‌ವೇರ್ (ಫ್ರೀ ಅಂದ್ರೆ ಸ್ವತಂತ್ರ, ಬಿಟ್ಟಿ ಅಲ್ಲ) ಚಳವಳಿ ಶುರು ಮಾಡಿದ ಸ್ಟಾಲ್‌ಮನ್ 1986ರಲ್ಲಿ ಬರೆದಿದ್ದು ಬೆಳೆದು ನಾಲ್ಕು ಸ್ವಾತಂತ್ರ್ಯ ಆಯ್ತು, ಯಾವ ಕೆಲಸಕ್ಕಾದ್ರೂ ಓಡಿಸೋದು, ಓದಿ ತಿದ್ದೋದು, ಹಂಚೋದು, ತಿದ್ದಿದ್ದನ್ನೂ ಹಂಚೋದು. ಡೆಬಿಯನ್ 1997ರಲ್ಲಿ ಯಾವ್ದು ಫ್ರೀ ಅನ್ನೋಕೆ ತನ್ನ ಗೈಡ್‌ಲೈನ್ಸ್ ಮಾಡ್ತು, ಮಾರನೇ ವರ್ಷ ಓಎಸ್‌ಐ ಹೆಚ್ಚುಕಮ್ಮಿ ಅದನ್ನೇ ಡೆಬಿಯನ್ ಹೆಸರು ತೆಗೆದು ತನ್ನ ವ್ಯಾಖ್ಯೆ ಮಾಡ್ಕೊಳ್ತು. ಮೊಂಗೋ 2018ರಲ್ಲಿ ತಂದ ಎಸ್‌ಎಸ್‌ಪಿಎಲ್ ಅನ್ನೋ ಲೈಸೆನ್ಸ್ ಏನ್ ಹೇಳತ್ತೆ ಅಂದ್ರೆ, ನೀವು ಅದನ್ನ ಸರ್ವಿಸ್ ಥರ ಬೇರೆಯವರಿಗೆ ಕೊಟ್ರೆ ನಿಮ್ಮ ಬ್ಯಾಕಪ್, ಮಾನಿಟರಿಂಗ್, ಹೋಸ್ಟಿಂಗ್ ಕೋಡನ್ನೂ ಅದೇ ಲೈಸೆನ್ಸಲ್ಲಿ ಬಿಡಬೇಕು. ಒಂದು ಥರದ ವ್ಯವಹಾರಕ್ಕೆ ಮಾತ್ರ ಹಾಕಿದ ಬೇಲಿ ಅದು. ಓಎಸ್‌ಐ ಮುಂದೆ ಇಟ್ರು, ಒಪ್ಪೋ ಲಕ್ಷಣ ಕಾಣದೆ 2019ರಲ್ಲಿ ಅವರೇ ವಾಪಸ್ ತಗೊಂಡ್ರು. ಯಾವ ಲೈಸೆನ್ಸ್ ಬೇಕು ಅನ್ನೋದು ಬರ್ದವ್ರ ಹಕ್ಕು ನಿಜ, ಅದು ಫ್ರೀನಾ ಅಂತ ಹೇಳೋದು ಬಳಸೋರ ಕಡೆಯಿಂದ ನೋಡಿನೇ.

ಕೀಲಿಮಣೆ
ಸುಧಾ ಅವ್ರೇ ಅಳತೆ ಒಂದೇ ಅಂದ್ರೂ ತೀರ್ಪು ಒಂದೇ ಬರಲ್ಲ. ನಾಸಾದ ಓಪನ್ ಸೋರ್ಸ್ ಲೈಸೆನ್ಸ್ 1.3ನ ಓಎಸ್‌ಐ ಒಪ್ಪಿದೆ, ಸ್ಟಾಲ್‌ಮನ್ ಶುರು ಮಾಡಿದ ಎಫ್‌ಎಸ್‌ಎಫ್ (ಫ್ರೀ ಸಾಫ್ಟ್‌ವೇರ್ ಫೌಂಡೇಶನ್) ಒಪ್ಪಿಲ್ಲ. ಎಫ್‌ಎಸ್‌ಎಫ್‌ದೇ ಡಾಕ್ಯುಮೆಂಟೇಶನ್ ಲೈಸೆನ್ಸ್ ಇದ್ಯಲ್ಲ ಜಿಎಫ್‌ಡಿಎಲ್, ಅದರಲ್ಲಿ ಕೆಲವು ಭಾಗ ತಿದ್ದಬಾರದು ಅಂತ ಇಡಬಹುದು, ಅಂಥ ಭಾಗ ಇದ್ರೆ ಅದು ಫ್ರೀ ಅಲ್ಲ ಅಂತ ಡೆಬಿಯನ್ 2006ರಲ್ಲಿ ವೋಟ್ ಹಾಕಿ ತೀರ್ಮಾನ ಮಾಡ್ತು, ಹಂಗಾಗಿ ಆ ಲೈಸೆನ್ಸಲ್ಲಿದ್ದ ಈಮ್ಯಾಕ್ಸ್ ಎಡಿಟರಿನ ಮ್ಯಾನ್ಯುಯಲ್ ಡೆಬಿಯನ್‌ನ ನಾನ್-ಫ್ರೀ ವಿಭಾಗಕ್ಕೆ ಹೋಯ್ತು! ನನಗಂತೂ ಇದು ತುಂಬಾ ಇಷ್ಟವಾದ ವಿಷಯ, ವ್ಯಾಖ್ಯೆ ಬರೆದವರೇ ಆದ್ರೂ ವಿನಾಯ್ತಿ ಇಲ್ಲ. ನಮ್ಮ ಕನ್ನಡ ಫಾಂಟ್ ನೋಡಿ, ನೋಟೋ ಸಾನ್ಸ್ ಕನ್ನಡ ಇರೋದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಲ್ಲಿ, ಬರೀ ಫಾಂಟನ್ನ ಮಾರಂಗಿಲ್ಲ ಅಂತ ಅದರಲ್ಲಿದೆ. ಆದ್ರೂ ಎಫ್‌ಎಸ್‌ಎಫ್ ಒಪ್ಪಿದೆ, ಯಾಕಂದ್ರೆ ಚಿಕ್ಕದೊಂದು ಪ್ರೋಗ್ರಾಂ ಜೊತೆ ಸೇರಿಸಿದ್ರೆ ಮಾರಬಹುದು. ಇಲ್ಲಿ ಯಾರೋ ಕೂತು ಯೋಚನೆ ಮಾಡ್ಲೇಬೇಕು, ಪಟ್ಟಿ ನೋಡಿ ಟಿಕ್ ಹಾಕಿದ್ರೆ ಆಗಲ್ಲ.

ಧಾರವಾಡದಾಂವ
ನೀವೆಲ್ಲ ಪಟ್ಟಿ ಬಗ್ಗೆ ಹೇಳಾಕತ್ತೀರಿ, ಖರೇ ತೀರ್ಮಾನ ಆಗೂದು ಪ್ಯಾಕೇಜ್ ಮಾಡಿ ಹಂಚೋರ ಕೈಯಾಗ ನೋಡ್ರಿ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ಹಂಚೋರು ಒಳಗ ಬಿಟ್ಟುಕೊಳ್ಳಲಿಲ್ಲ ಅಂದ್ರ ಆ ಸಾಫ್ಟ್‌ವೇರ್ ಅರ್ಧ ಜನಕ್ಕ ಮುಟ್ಟೂದೇ ಇಲ್ಲ. ಸರ್ಚ್ ಸಾಫ್ಟ್‌ವೇರ್ ಮಾಡೋ ಎಲಾಸ್ಟಿಕ್ ಕಂಪನಿ 2021ರಾಗ ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟು ಬದಲಿ ಮಾಡ್ತು, ಅದರ ಹಳೇ ಕೋಡಿನಿಂದ ಓಪನ್‌ಸರ್ಚ್ ಅನ್ನೋ ಬ್ಯಾರೆ ಕವಲು (ಫೋರ್ಕ್) ಬಂತು, 2024ರಾಗ ಎಲಾಸ್ಟಿಕ್‌ನವರು ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿದ್ರು. ರೆಡಿಸ್ ಡೇಟಾಬೇಸಿನವರೂ 2024ರಾಗ ಹಂಗ ಬದಲಿ ಮಾಡಿದ್ರು, ಅದರ ಫೋರ್ಕ್ ವಾಲ್ಕೀ ಹುಟ್ಟಿತು, ಮರುವರ್ಷನ ಅವರೂ ಎಜಿಪಿಎಲ್ ತಂದ್ರು. ಸಮುದಾಯನ ತಿರುಗಿಸ್ತು ಅಂತೀನಿ ನಾ.

ಸುಧಾ_ಲಿನಕ್ಸ್
ಇದನ್ನ ನಾನು ಒಪ್ಪಲ್ಲ ಸರ್. ಓಪನ್‌ಸರ್ಚ್ ಶುರು ಮಾಡಿದ್ದು ಅಮೆಜಾನ್, ವಾಲ್ಕೀ ಹಿಂದೆ ಅಮೆಜಾನ್, ಗೂಗಲ್, ಒರಾಕಲ್ ಎಲ್ಲ ಇವೆ. ದೊಡ್ಡ ಕ್ಲೌಡ್ ಕಂಪನಿಗಳಿಗೆ ಫೋರ್ಕ್ ನಡೆಸೋ ಶಕ್ತಿ ಇತ್ತು, ನಡೆಸಿದ್ರು. ಅವರಿಗೆ ಲಾಭ ಇಲ್ಲದ ಸಣ್ಣ ಲೈಬ್ರರಿ ಒಂದು ಲೈಸೆನ್ಸ್ ಬದಲಿಸಿದ್ರೆ ಯಾರು ಬರ್ತಾರೆ? ಅದಕ್ಕೇ ಬಲ ಇರೋರ ಕೈಗೆ ಬಿಡದೆ ಬರೆದಿಟ್ಟ ಅಳತೆ ಬೇಕು ಅನ್ನೋದು.

ಧಾರವಾಡದಾಂವ
ರೊಕ್ಕ ಅವರದು ಖರೇ, ಆದ್ರ ಫೋರ್ಕ್ ಮಾಡೋ ಹಕ್ಕು ಹಳೇ ಲೈಸೆನ್ಸಿನಿಂದನ ಬಂದದ್ದಲ್ಲೇನ್ರಿ? ಆ ಹಕ್ಕು ಇರಲಿಲ್ಲಂದ್ರ ಅಮೆಜಾನ್ ಆದ್ರೂ ಏನ್ ಮಾಡ್ತಿತ್ತು.

ಮಂಜು_ಸರ್ವರ್
ಎಲ್ಲರಿಗೂ ಥ್ಯಾಂಕ್ಸ್. ನಾವು ಮೊಂಗೋನ ಸರ್ವಿಸ್ ಆಗಿ ಮಾರಲ್ಲ, ನಮ್ಮ ಆ್ಯಪ್‌ ಹಿಂದೆ ಇಡ್ತೀವಿ ಅಷ್ಟೇ, ಆ ಷರತ್ತು ನಮಗೆ ತಾಗುತ್ತಾ?

ಕೀಲಿಮಣೆ
ಬರೀ ನಿಮ್ಮ ಆ್ಯಪ್‌ಗೆ ಡೇಟಾ ಇಡಕ್ಕೆ ಅಂದ್ರೆ ಆ ಷರತ್ತಿನ ಗುರಿ ನೀವಲ್ಲ. ಆದ್ರೂ ಎಸ್‌ಎಸ್‌ಪಿಎಲ್‌ನ 13ನೇ ಸೆಕ್ಷನ್ ಓದಿ, ಲೀಗಲ್‌ನವರಿಗೂ ತೋರಿಸಿ, ನಾಳೆ ಗಿರಾಕಿಗಳಿಗೆ ನೇರವಾಗಿ ಡೇಟಾಬೇಸೇ ಕೊಡೋ ಪ್ಲಾನ್ ಬಂದ್ರೆ ಕತೆ ಬೇರೆ. ಅದೆಲ್ಲ ಬೇಡ ಅಂದ್ರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ, ಮೊಂಗೋ ಥರ ಜೇಸನ್ ಡೇಟಾನೂ ಇಡತ್ತೆ, ಲೈಸೆನ್ಸ್ ಬಗ್ಗೆ ಈ ಜಗಳಾನೇ ಇಲ್ಲ.