ಜೋಗಿಮಟ್ಟಿಯ ನೇರಳೆ ಹೂವಿನ ಪೊದೆ ಯಾವುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಹೋದಾಗ ಸೇವಂತಿಗೆ ಕುಟುಂಬದ ಎರಡು ಪೊದೆ ಅಕ್ಕಪಕ್ಕ ಸಿಕ್ಕವು. ಒಂದು ಕಮ್ಯುನಿಸ್ಟ್ ಗಿಡ ಅನ್ನೋದು ಖಾತ್ರಿ: ಎಲೆಗಳು ಎದುರುಬದುರು, ಬುಡದಿಂದಲೇ ತ್ರಿಶೂಲದ ಹಾಗೆ ಮೂರು ನರ, ಹಿಚುಕಿದರೆ ಘಾಟು ವಾಸನೆ.

ಎರಡನೆಯದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಸೊಂಟದೆತ್ತರ ಇದೆ, ಕಾಂಡ ಗಟ್ಟಿ, ಎಲೆಗಳು ಒಂದು ಬಿಟ್ಟು ಒಂದು, ಸಣ್ಣ ನೇರಳೆ ಹೂ, ಸುತ್ತ ಎಸಳಿಲ್ಲ, ಬೀಜದ ತುದಿಗೆ ಬಿಳಿ ಕೂದಲು. ವರ್ನೋನಿಯಾ (ಸಹದೇವಿ, ಕಾಡುಜೀರಿಗೆ ಸೇರುವ ಗಿಡಗಳ ಗುಂಪು) ಜಾತಿ ಇರಬೇಕು ಅನಿಸ್ತು. ಸಹದೇವಿ ಜೊತೆ ಇಟ್ಟು ನೋಡಿದೆ, ಹೂ ಹೋಲುತ್ತೆ, ಆದರೆ ಸಹದೇವಿ ಮೆತ್ತಗಿನ ಸಣ್ಣ ಗಿಡ ಅಲ್ವಾ? ಕಾಡುಜೀರಿಗೆಗಾದರೆ ಹೂವಿನ ಬುಡದಲ್ಲಿ ಎಲೆಯಂಥ ಹಸಿರು ಎಸಳು ಇರುತ್ತೆ, ಇದರಲ್ಲಿ ಅದೂ ಇಲ್ಲ. ಮೊಬೈಲ್ ಆ್ಯಪ್ ಮೂರು ಸಲಕ್ಕೆ ಮೂರು ಹೆಸರು ಹೇಳ್ತು.

ಬಲ್ಲವರು ಹೇಳಿ, ಪೊದೆಯಾಗಿ ಬೆಳೆಯುವ ವರ್ನೋನಿಯಾಗಳನ್ನು ಒಂದರಿಂದ ಒಂದು ಬೇರೆ ಮಾಡೋಕೆ ಯಾವ ಭಾಗ ನೋಡಬೇಕು, ಎಲೆಯ ಅಡಿಯ ರೋಮವೋ, ಹೂವಿನ ಬುಡದ ಎಸಳೋ?