ಮರು: ಸೈಕಲ್ ರೇಸಿನ ‘ಸ್ಟೇಜ್’ಗೆ ಕನ್ನಡ ಪದ, ಇವತ್ತೇ ಬೇಕು

ಮೇಡಂ, ಮಕ್ಕಳ ಪುಟ ರಾತ್ರಿ ಅಚ್ಚಿಗೆ ಹೋಗುತ್ತದೆ ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮಜಲು. ಕಾರಣ ಆಮೇಲೆ ಓದಿಕೊಳ್ಳಿ. ನಿಮ್ಮ ಪ್ರಶ್ನೆಗೆ ಬೇರೆಯವರು ಕೊಟ್ಟ ಸಲಹೆಗಳನ್ನೂ ಎತ್ತಿ ಬರೆದು ಉತ್ತರಿಸಿದ್ದೇನೆ.

> ‘ಹಂತ’ ಸಾಕು, ಎಲ್ಲರೂ ಅದನ್ನೇ ಬರೆಯುತ್ತಾರೆ.

ಸಾಲದು. ಹಂತ ಅಂದ ಕೂಡಲೇ ನೆನಪಾಗುವುದು ಲೀಗ್ ಹಂತ, ನಾಕೌಟ್ ಹಂತ. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ನಿಮ್ಮ ಪುಟದ ಸೈಕಲ್ ರೇಸು, ಫ್ರಾನ್ಸಿನ ಟೂರ್ ಡಿ ಫ್ರಾನ್ಸ್, ನಡೆಯುವುದು ಹಾಗಲ್ಲ. ದಿನಕ್ಕೊಂದು ಓಟ, ಆ ದಿನಕ್ಕೆ ಅದರದ್ದೇ ಗೆಲುವು, ಇವತ್ತು ಕಟ್ಟಕಡೆಗೆ ಬಂದವನೂ ಗಡುವಿನೊಳಗೆ ತಲುಪಿದ್ದರೆ ನಾಳೆ ಎಲ್ಲರ ಜೊತೆಗೇ ಹೊರಡುತ್ತಾನೆ. ಎಲ್ಲ ದಿನಗಳ ಹೊತ್ತು ಕೂಡಿಸಿದಾಗ ಯಾರದು ಕಡಿಮೆಯೋ ಅವನು ಟೂರ್ ಗೆದ್ದ ಹಾಗೆ. 2017ರಲ್ಲಿ ಕ್ರಿಸ್ ಫ್ರೂಮ್ ಯಾವ ದಿನದ ಓಟವನ್ನೂ ಗೆಲ್ಲದೆ ಇಡೀ ಟೂರ್ ಗೆದ್ದರು. ‘ಯಾವ ಹಂತದಲ್ಲೂ ಗೆಲ್ಲದೆ’ ಅಂತ ಬರೆದು ನೋಡಿ, ಓದುವ ಮಗು ತಬ್ಬಿಬ್ಬಾಗುತ್ತದೆ.

‘ಘಟ್ಟ’ವೂ ಬೇಡ. ಆಲ್ಪ್ಸ್, ಪಿರನೀಸ್ ಹತ್ತುವ ದಿನಗಳೇ ಈ ರೇಸಿನ ಜೀವ. ಆ ಪದ ನಮಗೆ ಅಲ್ಲಿ ಬೇಕಾಗುತ್ತದೆ. ‘ಘಟ್ಟದ ಘಟ್ಟ’ ಅಂತ ಬರೆಯೋಕಾಗುತ್ತಾ? ‘ಸೋಪಾನ’ ಸುಮ್ನೆ ಭಾರ, ಅದನ್ನು ಬಿಟ್ಟುಬಿಡಿ.

> ಮಜಲು ಅರಬ್ಬಿಯಿಂದ ಬಂದದ್ದು. ಅಚ್ಚಗನ್ನಡದ ‘ತಂಗುದಾಣ’ ಇದೆಯಲ್ಲ.

ತಂಗುದಾಣ ಅಂದರೆ ಬಸ್ಸಿಗೆ ಕಾಯುವ ಜಾಗ. ಊರೂರಲ್ಲೂ ಬೋರ್ಡ್ ಇದೆ. ಅದು ನಿಲ್ಲುವ ಜಾಗದ ಹೆಸರು, ಅಲ್ಲಿಗೆ ಓಡಿದ ದಾರಿಯನ್ನು ಅದು ಹೇಳುವುದಿಲ್ಲ. ಮಜಲು ಎರಡನ್ನೂ ಹೇಳುತ್ತದೆ. ಮೂಲದ ‘ಮನ್ಜಿಲ್’ ಅಂದರೆ ಪಯಣಿಗ ಇಳಿದುಕೊಳ್ಳುವ ಜಾಗ. ಮರಾಠಿಯಲ್ಲಿ ‘ಮಜಲ್’ ಅಂದರೆ ಒಂದು ದಿನದಲ್ಲಿ ನಡೆಯುವಷ್ಟು ದಾರಿ. ಒಂದು ದಿನದ ದಾರಿ, ಕೊನೆಗೊಂದು ಬಿಡಾರ. ಟೂರಿನಲ್ಲಿ ದಿನಾ ಆಗುವುದು ಅದೇ ಅಲ್ವಾ? ಫ್ರೆಂಚರು ಇದನ್ನು ‘ಎತಾಪ್’ ಅನ್ನುತ್ತಾರೆ. ಅದೂ ಅವರ ಮನೆಯದ್ದಲ್ಲ, ಡಚ್ಚರ ‘ಸ್ಟಾಪೆಲ್’ನಿಂದ, ಅಂದರೆ ಸರಕು ಕೂಡಿಡುವ ಜಾಗದಿಂದ ಬಂದು, ನಡೆಯುವ ಸೈನ್ಯಕ್ಕೆ ದವಸ ಸಿಗುವ ತಾಣವಾಗಿ, ಆಮೇಲೆ ಒಂದು ತಾಣದಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಆಯಿತು. 1903ರ ಮೊದಲ ಟೂರಿನಲ್ಲಿ ಇಂಥ 6 ಇದ್ದವು, ಈಗ 21. ತಮ್ಮ ದೇಶದ ಹೆಮ್ಮೆಯ ಓಟಕ್ಕೆ ಅವರು ಎರವಲು ಪದ ಇಟ್ಟುಕೊಂಡಿದ್ದಾರೆ. ನಮಗೇಕೆ ಮಡಿ? ಅಚ್ಚಗನ್ನಡ ಬೇಕೆಂದ ಸಾರ್, ನೀವೇ ಮೇಲೆ ‘ರಸ್ತೆ ಓಟ’ ಅಂತ ಬರೆದಿದ್ದೀರಿ. ರಸ್ತೆ ಪಾರಸಿ ಪದ. ಅದನ್ನು ತೆಗೆದರೆ ಸೈಕಲ್ ಓಡುವುದೆಲ್ಲಿ? ನುಡಿಯೊಳಗೆ ಇನ್ನೂರು ಮುನ್ನೂರು ವರ್ಷ ಬಾಳಿದ ಪದವನ್ನು ಹೊರಗಿನದು ಅಂತ ದಬ್ಬುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ನಮ್ಮವರು ಮಾತಾಡಿದ್ದೆಲ್ಲ ಕನ್ನಡವೇ.

ಈಗ ಪೇಪರಿನವರು ಏನೇ ಹೊಸದಾದರೂ ‘ಹೊಸ ಮಜಲು’ ಅಂತ ಬರೆದು ಪದವನ್ನು ಸವೆಸಿದ್ದಾರೆ. ಇಲ್ಲಿ ಅದಕ್ಕೆ ಹಳೆಯ ಅರ್ಥ ಮರಳಿ ಸಿಗುತ್ತದೆ. ನನಗೆ ಅದೇ ಜಾಸ್ತಿ ಖುಷಿ.

ಕರಾವಳಿಯವರೊಬ್ಬರು ‘ನಮ್ಮಲ್ಲಿ ಮಜಲು ಅಂದ್ರೆ ಗದ್ದೆ’ ಅಂದಿದ್ದಾರೆ. ನಿಜ. ಬೈಲು ಕೆಳಗೆ, ಬೆಟ್ಟು ಮೇಲೆ, ಮಜಲು ನಡುವೆ. ಅದು ಬೇರೆಯೇ ಪದ. ಸೈಕಲ್ ರೇಸಿನ ವರದಿ ಓದುವಾಗ ಯಾರೂ ಗದ್ದೆಗೆ ಇಳಿಯುವುದಿಲ್ಲ.

> ಪೆಲೊಟಾನ್‌ಗೆ ‘ದಳ’.

ತಪ್ಪು. ಪೆಲೊಟಾನ್ ಅಂದರೆ ರೇಸಿನಲ್ಲಿ ಒಟ್ಟಾಗಿ ಸಾಗುವ ಸವಾರರ ದೊಡ್ಡ ಗುಂಪು. ದಳ ಅಂದರೆ ಒಂದೇ ಕಡೆಯವರು. 2024ರಲ್ಲಿ ಹೊರಟದ್ದು 22 ತಂಡ, ತಂಡಕ್ಕೆ 8 ಮಂದಿ. ಎದುರಾಳಿಗಳೇ ಒಬ್ಬರಿಗೊಬ್ಬರು ಅಂಟಿಕೊಂಡು ಹೋಗುತ್ತಾರೆ, ಯಾಕೆಂದರೆ ಮುಂದಿನವನು ಗಾಳಿ ಸೀಳಿದರೆ ಹಿಂದಿನವನಿಗೆ ತುಳಿಯುವ ಶ್ರಮ ಎಷ್ಟೋ ಉಳಿಯುತ್ತದೆ. ಪೆಲೊಟಾನ್ ಮೂಲದಲ್ಲಿ ಪುಟ್ಟ ಉಂಡೆ. ಸೈನ್ಯದ ತುಕಡಿಗೂ ಆ ಪದ ಬಂತು, ಇಂಗ್ಲಿಷಿನ ಪ್ಲಟೂನ್ ಅದರದ್ದೇ ಕುಡಿ. ಆದರೆ ಇಲ್ಲಿ ಮುಖ್ಯವಾದದ್ದು ಒತ್ತಾಗಿ ಕೂಡಿರುವುದು. ‘ಹಿಂಡು’ ಅಂತ ಬರೆಯಿರಿ. ತಪ್ಪಿಸಿಕೊಂಡು ಮುಂದೆ ಓಡಿದವರನ್ನು ‘ಹಿಂಡು ಬಿಟ್ಟವರು’ ಅನ್ನಬಹುದು, ಅವರು ಸಿಕ್ಕಿಬಿದ್ದರೆ ‘ಹಿಂಡು ನುಂಗಿತು’.

ಒಟ್ಟು ಹೊತ್ತಿನಲ್ಲಿ ಮುಂದಿರುವವನು ತೊಡುವ ಅಂಗಿಗೆ ‘ಪೀತವಸ್ತ್ರ’ ಖಂಡಿತ ಬೇಡ, ದೇವರ ಅಲಂಕಾರದ ಹಾಗೆ ಕೇಳುತ್ತದೆ. ಹಳದಿ ಅಂಗಿ. 1919ರಲ್ಲಿ ಅದು ಬಂದಾಗ ಟೂರ್ ನಡೆಸುತ್ತಿದ್ದ ‘ಲೋತೊ’ ಪತ್ರಿಕೆ ಅಚ್ಚಾಗುತ್ತಿದ್ದದ್ದು ಹಳದಿ ಕಾಗದದಲ್ಲಿ. ಮಕ್ಕಳಿಗೆ ಇದನ್ನು ಹೇಳಿ, ಬಣ್ಣ ಮರೆಯುವುದಿಲ್ಲ.

ನಿಮ್ಮ ಮೊದಲ ಸಾಲು ಹೀಗಿರಲಿ: ‘2024ರ ಟೂರ್ ಜೂನ್ 29ರಂದು ಇಟಲಿಯ ಫ್ಲಾರೆನ್ಸಿನಿಂದ ಹೊರಟು, 21 ಮಜಲು ಓಡಿ, ನಡುವೆ 2 ದಿನ ಸುಧಾರಿಸಿಕೊಂಡು, ಜುಲೈ 21ರಂದು ನೀಸ್ ತಲುಪಿತು.’ ಉಳಿದ ಕಡೆ ‘ಹಂತ’ ಇದ್ದರೆ ಬದಲಿಸಿ, ಶೀರ್ಷಿಕೆಯಲ್ಲೂ ಒಂದಿದೆ.